ಕೀಲಿಯ ಮೇಲೆ ಕೊನೆಯ ಮಾತು ಯಾರದು?

ಕಂಟ್ರೋಲ್ ಒತ್ತಿ ಹಿಡಿದು ಎಸ್ ಒತ್ತಿದರೆ ಕಡತ ಸೇವ್ ಆಗುತ್ತದೆ. ಮೆನು ತೆರೆದು, ಅದೇ ಹೆಸರಿನ ಸಾಲು ಹುಡುಕಿ ಕ್ಲಿಕ್ ಮಾಡಿದರೂ ಆಗುವುದು ಅದೇ ಕೆಲಸ. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರು ಮೆನುವಿನ ಹತ್ತಿರ ಹೋಗುವುದೇ ಕಡಿಮೆ. ಯಾವ ಕೀಲಿ ಒತ್ತಿದಿರಿ ಎಂದು ಕೇಳಿದರೆ ಅವರು ಒಂದು ಕ್ಷಣ ತಡೆದು ಹೇಳಬೇಕಾಗುತ್ತದೆ. ಅಷ್ಟರಮಟ್ಟಿಗೆ ಅದು ಬೆರಳಿಗೆ ಇಳಿದಿರುತ್ತದೆ.

ಆ ಜೋಡಿಯನ್ನು ಗೊತ್ತುಮಾಡಿದವರು ಯಾರು? ಪರದೆಯ ಮೇಲೆ ಕಾಣುವ ಬಟನ್ನು, ಮೆನು, ಪಠ್ಯ ತುಂಬುವ ಚೌಕ, ಜಾರುವ ಪಟ್ಟಿ ಎಲ್ಲವೂ ತಂತ್ರಾಂಶದವರ ಮಾತಿನಲ್ಲಿ ವಿಜೆಟ್‌ಗಳು. ಇವನ್ನು ಪ್ರತಿಯೊಬ್ಬ ಡೆವಲಪರ್ ಹೊಸದಾಗಿ ಮಾಡುವುದಿಲ್ಲ, ಜಿಟಿಕೆ, ಕ್ಯೂಟಿ, ಟಿಕೆಯಂಥ ಟೂಲ್‌ಕಿಟ್‌ನಿಂದ ಎತ್ತಿಕೊಳ್ಳುತ್ತಾರೆ. ಯಾವ ಕೀಲಿಗೆ ಯಾವ ಕೆಲಸ, ಯಾವ ವಿಜೆಟ್‌ಗೆ ಯಾವ ರೂಪ ಎನ್ನುವುದರಲ್ಲಿ ಮೊದಲ ಮಾತು ಟೂಲ್‌ಕಿಟ್‌ನದು, ಎರಡನೆಯದು ಆ್ಯಪ್ ಬರೆದವರದು. ಬಳಸುವವರಿಗೆ ಮಾತು ಉಂಟೇ ಇಲ್ಲವೇ ಎಂಬ ಪ್ರಶ್ನೆಗೆ ಮೂರೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಬೇರೆಬೇರೆ ಉತ್ತರಗಳು ಬಂದಿವೆ. ಬಹುತೇಕ ಚರ್ಚೆಗಳಲ್ಲಿ ಕೀಲಿಯನ್ನೂ ರೂಪವನ್ನೂ ಸೇರಿಸಿ 'ಕಸ್ಟಮೈಸೇಶನ್' ಎಂಬ ಒಂದೇ ಕಟ್ಟಿಗೆ ಹಾಕುತ್ತಾರೆ. ಅಲ್ಲೇ ತಪ್ಪಾಗಿದೆ ಎಂಬುದು ನನ್ನ ನಿಲುವು. ಬಟನ್ನಿನ ಬಣ್ಣ ಬದಲಾದರೆ ಕಣ್ಣು ಒಂದೆರಡು ದಿನದಲ್ಲಿ ಹೊಂದಿಕೊಳ್ಳುತ್ತದೆ. ಕೀಲಿ ಬದಲಾದರೆ ಕೈ ತಿಂಗಳುಗಟ್ಟಲೆ ತಡವರಿಸುತ್ತದೆ.

ಈ ಕಟ್ಟಿನ ಮೂಲ ಹಳೆಯದು. 1987ರಲ್ಲಿ ಎಂಐಟಿಯಿಂದ ಹೊರಬಂದ ಎಕ್ಸ್ ವಿಂಡೋ ವ್ಯವಸ್ಥೆಯ ಹನ್ನೊಂದನೆಯ ಆವೃತ್ತಿಯ ಜೊತೆಗೆ ಎಕ್ಸ್‌ಟಿ ಎಂಬ ಟೂಲ್‌ಕಿಟ್ ಇತ್ತು. ಅದರಲ್ಲಿ ಬಳಕೆದಾರ ತನ್ನ ಹೋಮ್ ಡೈರೆಕ್ಟರಿಯಲ್ಲಿ ಒಂದು ಸಾದಾ ಪಠ್ಯಕಡತ ಇಟ್ಟುಕೊಳ್ಳಬಹುದಿತ್ತು. 'ಈ ಆ್ಯಪ್‌ನ ಎಲ್ಲ ಬಟನ್‌ಗಳ ಹಿನ್ನೆಲೆ ಬೂದುಬಣ್ಣ' ಎಂದು ಒಂದು ಸಾಲು, 'ಪಠ್ಯದ ಚೌಕದಲ್ಲಿ ಕಂಟ್ರೋಲ್+ಕೆ ಒತ್ತಿದರೆ ಸಾಲಿನ ಕೊನೆಯವರೆಗೆ ಅಳಿಸು' ಎಂದು ಇನ್ನೊಂದು. ಎರಡಕ್ಕೂ ಒಂದೇ ವ್ಯಾಕರಣ, ಒಂದೇ ಕಡತ. ಆ್ಯಪ್ ಬರೆದವರ ಅಪ್ಪಣೆ ಬೇಕಿರಲಿಲ್ಲ. ಬಳಕೆದಾರರಿಗೆ ಇಷ್ಟು ಅಧಿಕಾರ ಕೊಟ್ಟ ವ್ಯವಸ್ಥೆ ಆಮೇಲೆ ಬಂದಿಲ್ಲವೆಂದೇ ಹೇಳಬೇಕು. ಆದರೆ ಅದನ್ನು ಬಳಸಲು ವಿಜೆಟ್‌ಗೆ ಆ್ಯಪ್‌ನ ಒಳಗೆ ಇಟ್ಟ ಹೆಸರು ಗೊತ್ತಿರಬೇಕು. ಅದನ್ನು ಕಂಡುಹಿಡಿಯಲೆಂದೇ ಎಡಿಟ್‌ರೆಸ್ ಎಂಬ ಪ್ರತ್ಯೇಕ ಸಾಧನ ಬೇಕಾಯಿತು. ಮುಂದಿನ ಆವೃತ್ತಿಯಲ್ಲಿ ಡೆವಲಪರ್ ಆ ಹೆಸರು ಬದಲಿಸಿದರೆ ನಮ್ಮ ಸಾಲು ಸದ್ದಿಲ್ಲದೆ ಸತ್ತುಹೋಗುತ್ತಿತ್ತು, ಯಾವ ದೋಷಸೂಚನೆಯೂ ಇಲ್ಲ.

ಯಾವ ಕೀಲಿ ಸಹಜ ಎನ್ನುವುದರಲ್ಲೂ ಆಗಲೇ ಒಮ್ಮತ ಇರಲಿಲ್ಲ. ಮಾಡಿದ್ದನ್ನು ಹಿಂತೆಗೆಯುವುದು, ಕತ್ತರಿಸುವುದು, ನಕಲಿಸುವುದು, ಅಂಟಿಸುವುದು ಈ ನಾಲ್ಕಕ್ಕೆ ಜೆಡ್, ಎಕ್ಸ್, ಸಿ, ವಿ ಎಂಬ ಅಕ್ಕಪಕ್ಕದ ಕೀಲಿಗಳನ್ನು ಆ್ಯಪಲ್ ಬಳಕೆಗೆ ತಂದಿತ್ತು. 1987ರಲ್ಲಿ ಐಬಿಎಂ ಪ್ರಕಟಿಸಿದ ಸಿಯುಎ ನಿಯಮಾವಳಿ ಇವುಗಳಲ್ಲಿ ಕೊನೆಯ ಮೂರಕ್ಕೆ ಕ್ರಮವಾಗಿ ಶಿಫ್ಟ್+ಡಿಲೀಟ್, ಕಂಟ್ರೋಲ್+ಇನ್ಸರ್ಟ್, ಶಿಫ್ಟ್+ಇನ್ಸರ್ಟ್ ಎಂದಿತು. ಇವು ಇಂದಿಗೂ ವಿಂಡೋಸ್‌ನಲ್ಲೂ ಲಿನಕ್ಸ್‌ನ ಬಹುಪಾಲು ಆ್ಯಪ್‌ಗಳಲ್ಲೂ ಕೆಲಸ ಮಾಡುತ್ತವೆ. ಈ ಎರಡರ ಜೊತೆಗೆ ಈಮ್ಯಾಕ್ಸ್ ಎಡಿಟರ್‌ನ ಪರಂಪರೆಯೊಂದಿದೆ: ಅಲ್ಲಿ ಕಂಟ್ರೋಲ್+ಎ ಎಂದರೆ ಸಾಲಿನ ಮೊದಲಿಗೆ ಹೋಗು. ವಿಂಡೋಸ್‌ನಲ್ಲಿ ಬೆಳೆದವರಿಗೆ ಅದೇ ಜೋಡಿ 'ಎಲ್ಲವನ್ನೂ ಆರಿಸು'. ಒಂದು ಕಡೆ ಪಳಗಿದ ಕೈ ಇನ್ನೊಂದು ಕಡೆ ಎಲ್ಲ ಪಠ್ಯವನ್ನೂ ಆರಿಸಿ, ಮುಂದಿನ ಅಕ್ಷರ ಒತ್ತಿದೊಡನೆ ಇಡೀ ಪುಟವನ್ನು ಅಳಿಸಿಬಿಡುತ್ತದೆ.

ಈ ಪರಂಪರೆಗಳ ಘರ್ಷಣೆ ಹತ್ತಿರದಿಂದ ಕಾಣಬೇಕಾದರೆ ಟಿಕೆಯನ್ನು ನೋಡಬೇಕು. ಬರ್ಕ್‌ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ರೂಪಿಸಿದ ಈ ಟೂಲ್‌ಕಿಟ್ ಪೈಥಾನ್ ಜೊತೆಗೇ 'ಟಿಕಿಂಟರ್' ಹೆಸರಿನಲ್ಲಿ ಬರುತ್ತದೆ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಮೊದಲ ಕಿಟಕಿಯನ್ನು ತೆರೆದಿರುವುದು ಇದರಲ್ಲೇ. ಪುಟ್ಟದೊಂದು ನೋಟ್‌ಪ್ಯಾಡ್ ಬರೆದು, ಮುಖ್ಯ ಕಿಟಕಿಗೆ 'ಕಂಟ್ರೋಲ್+ಒ ಒತ್ತಿದರೆ ಕಡತ ತೆರೆ' ಎಂದು ಜೋಡಿಸುತ್ತಾರೆ. ಕಡತ ತೆರೆಯುವ ಕಿಟಕಿಯೇನೋ ಬರುತ್ತದೆ, ಆದರೆ ಪಠ್ಯದ ನಡುವೆ ಒಂದು ಖಾಲಿ ಸಾಲೂ ಬಂದು ಕೂರುತ್ತದೆ. ಟಿಕೆಯ ಪಠ್ಯ ವಿಜೆಟ್‌ಗೆ ಹುಟ್ಟಿನಿಂದಲೇ ಕಂಟ್ರೋಲ್+ಒ ಎಂದರೆ ಈಮ್ಯಾಕ್ಸ್‌ನಂತೆ 'ಇಲ್ಲೊಂದು ಹೊಸ ಸಾಲು ತೆರೆ' ಎಂದರ್ಥ. ಒತ್ತಿದ ಕೀಲಿ ಮೊದಲು ಆ ನಿರ್ದಿಷ್ಟ ವಿಜೆಟ್‌ಗೆ, ಆಮೇಲೆ ಅದರ ವರ್ಗಕ್ಕೆ, ಆಮೇಲೆ ಕಿಟಕಿಗೆ, ಕೊನೆಗೆ ಎಲ್ಲಕ್ಕೂ ಅನ್ವಯಿಸುವ ಪಟ್ಟಿಗೆ ಹೋಗುತ್ತದೆ. ಕಿಟಕಿಯ ಸರದಿ ಬರುವ ಹೊತ್ತಿಗೆ ವರ್ಗ ತನ್ನ ಕೆಲಸ ಮುಗಿಸಿರುತ್ತದೆ. ಆದ್ದರಿಂದ ಜೋಡಣೆಯನ್ನು ಪಠ್ಯ ವಿಜೆಟ್‌ಗೇ ಮಾಡಿ, ನಮ್ಮ ಫಂಕ್ಷನ್ನಿನಿಂದ 'ಬ್ರೇಕ್' ಎಂಬ ಪದವನ್ನು ಹಿಂತಿರುಗಿಸಿ ಕೀಲಿಯ ಪಯಣವನ್ನು ಅಲ್ಲೇ ನಿಲ್ಲಿಸಬೇಕು. ಈ ನಾಲ್ಕು ಮೆಟ್ಟಿಲು ಒಮ್ಮೆ ಅರ್ಥವಾದರೆ ಬೇರೆ ಯಾವ ಟೂಲ್‌ಕಿಟ್‌ನ ಕೀಲಿ ವ್ಯವಸ್ಥೆಯೂ ಕಷ್ಟವಾಗುವುದಿಲ್ಲ. ಹೆಸರು ಬೇರೆ, ಮೆಟ್ಟಿಲು ಹೆಚ್ಚುಕಡಿಮೆ ಅವೇ. ಟಿಕೆಯಲ್ಲಿ ಇನ್ನೊಂದು ಎಚ್ಚರವೂ ಬೇಕು: ಜೋಡಣೆಯಲ್ಲಿ ಸಣ್ಣ 'ಎಸ್' ಬರೆದು, ಬಳಸುವವರು ಕ್ಯಾಪ್ಸ್ ಲಾಕ್ ಹಾಕಿಕೊಂಡಿದ್ದರೆ ಕಂಟ್ರೋಲ್+ಎಸ್ ಕೆಲಸ ಮಾಡುವುದಿಲ್ಲ. ಎರಡನ್ನೂ ಜೋಡಿಸಿಡಬೇಕು.

ಜಿಟಿಕೆಯ ಕಥೆ ದೀರ್ಘವಾದದ್ದು, ಈ ಪ್ರಶ್ನೆಯ ಏರಿಳಿತವೆಲ್ಲ ಅದರಲ್ಲೇ ಇದೆ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ ಬರ್ಕ್‌ಲಿಯ ವಿದ್ಯಾರ್ಥಿಗಳಾದ ಪೀಟರ್ ಮ್ಯಾಟಿಸ್ ಮತ್ತು ಸ್ಪೆನ್ಸರ್ ಕಿಂಬಲ್ ಕಟ್ಟಿದ ಟೂಲ್‌ಕಿಟ್ ಇದು. 1998ರಲ್ಲಿ ಮೊದಲ ಆವೃತ್ತಿ, 2002ರಲ್ಲಿ ಎರಡನೆಯದು. ಆ ಕಾಲದಲ್ಲಿ ಅದರಲ್ಲೊಂದು ಸೊಗಸಾದ ಅನುಕೂಲವಿತ್ತು. ಮೆನು ತೆರೆದು ಬೇಕಾದ ಸಾಲಿನ ಮೇಲೆ ಮೌಸ್ ಇಟ್ಟು, ಇಷ್ಟದ ಕೀಲಿ ಒತ್ತಿದರೆ ಆ ಕೀಲಿಯೇ ಅದರ ಶಾರ್ಟ್‌ಕಟ್. ಡೈಲಾಗು, ಕಡತ ಏನೂ ಬೇಡ. ದಿನಕ್ಕೆ ನೂರು ಚಿತ್ರ ತಿದ್ದುವವರಿಗೆ ಇದಕ್ಕಿಂತ ನೇರವಾದ ಉಪಾಯ ಇರಲಾರದು. ಅದೇ ಸ್ಥಿತಿಯಲ್ಲಿ ಡಿಲೀಟ್ ಒತ್ತಿದರೆ ಇದ್ದ ಶಾರ್ಟ್‌ಕಟ್ ಹೋಗುತ್ತಿತ್ತು. ತಿಳಿಯದೆ ಒತ್ತಿ ಕಳೆದುಕೊಂಡವರಿಗೆ ಏನಾಯಿತೆಂದೇ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಮೊದಲು ಇದನ್ನು ಐಚ್ಛಿಕ ಮಾಡಿದರು, ಜಿಟಿಕೆ 3ರ ಕಾಲದಲ್ಲಿ ಕೈಬಿಟ್ಟರು. ಅರಿವಿಲ್ಲದೆ ಬದಲಾಗುವ ಅಪಾಯವನ್ನು ತಪ್ಪಿಸಬೇಕಿತ್ತು, ನಿಜ. ಅದಕ್ಕಾಗಿ ಅರಿತು ಬದಲಿಸುವ ದಾರಿಯನ್ನೂ ಮುಚ್ಚಬೇಕಿರಲಿಲ್ಲ.

2011ರಲ್ಲಿ ಬಂದ ಜಿಟಿಕೆ 3 ವೆಬ್ ಪುಟಗಳಿಂದ ಸಿಎಸ್‌ಎಸ್ ಶೈಲಿಭಾಷೆಯನ್ನು ಎರವಲು ತಂದಿತು. ವಿಶೇಷವೆಂದರೆ ಕೀಲಿಗಳನ್ನೂ ಅದರೊಳಗೇ ಸೇರಿಸಿತು. ಒಂದು ಕಡತದಲ್ಲಿ ಕೀಲಿಗಳ ಒಂದು ಗುಂಪು ಕಟ್ಟಿ ಹೆಸರಿಟ್ಟು, 'ಪಠ್ಯದ ಚೌಕಗಳಿಗೆಲ್ಲ ಈ ಗುಂಪು' ಎಂದು ಬಣ್ಣ ಹೇಳಿದಷ್ಟೇ ಸುಲಭವಾಗಿ ಹೇಳಬಹುದಿತ್ತು. ಈಮ್ಯಾಕ್ಸ್ ಕೀಲಿಗಳ ಸಿದ್ಧ ಗುಂಪೊಂದು ಜೊತೆಗೇ ಬರುತ್ತಿತ್ತು, ಜಿಟಿಕೆ ಮೇಲೆ ನಿಂತ ಗ್ನೋಮ್ ಡೆಸ್ಕ್‌ಟಾಪ್‌ನ ಟ್ವೀಕ್ಸ್ ಸಾಧನದಲ್ಲಿ ಒಂದು ಸ್ವಿಚ್ ಒತ್ತಿದರೆ ಜಾರಿಗೆ ಬರುತ್ತಿತ್ತು. 2020ರ ಡಿಸೆಂಬರ್‌ನಲ್ಲಿ ಬಂದ ಜಿಟಿಕೆ 4 ಇದನ್ನು ತೆಗೆದುಹಾಕಿತು. ಈಗ ಕೀಲಿಗಳು ವಿಜೆಟ್‌ನ ಕೋಡ್‌ನಲ್ಲಿ, ಇಲ್ಲವೇ ಡೆವಲಪರ್ ಜೋಡಿಸುವ 'ಶಾರ್ಟ್‌ಕಟ್ ಕಂಟ್ರೋಲರ್'ನಲ್ಲಿ ಇರುತ್ತವೆ. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಅಚ್ಚುಕಟ್ಟು: ಒತ್ತಬೇಕಾದ ಕೀಲಿ ಒಂದು ವಸ್ತು, ಆಗಬೇಕಾದ ಕೆಲಸ ಇನ್ನೊಂದು, ಎಷ್ಟು ವ್ಯಾಪ್ತಿಗೆ ಎನ್ನುವುದು ಮೂರನೆಯದು. ಆ್ಯಪ್‌ಗಳಲ್ಲೂ ಕೆಲಸಕ್ಕೊಂದು ಹೆಸರಿಟ್ಟು, ಆ ಹೆಸರಿಗೆ ಕೀಲಿ ಅಂಟಿಸುವ ಪದ್ಧತಿ ಗಟ್ಟಿಯಾಗಿದೆ. ಮೆನು, ಬಟನ್ನು, ಕೀಲಿ ಮೂರೂ ಒಂದೇ ಹೆಸರನ್ನು ಕರೆಯುತ್ತವೆ. ಹೊರಗಿನಿಂದ ಬದಲಿಸುವ ಬಾಗಿಲು ಮಾತ್ರ ಇಲ್ಲವಾಯಿತು.

ಕ್ಯೂಟಿ ಮತ್ತು ಅದರ ಮೇಲೆ ನಿಂತ ಕೆಡಿಇ ಡೆಸ್ಕ್‌ಟಾಪ್ ಹಿಡಿದ ದಾರಿ ಬೇರೆ. ಕ್ಯೂಟಿಯಲ್ಲಿ ಡೆವಲಪರ್ 'ಕಂಟ್ರೋಲ್+ಸಿ' ಎಂದು ಬರೆಯುವ ಬದಲು 'ನಕಲು ಮಾಡುವ ರೂಢಿಯ ಕೀಲಿ' ಎಂದು ಬರೆಯಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್‌ನಲ್ಲಿ ಆಯಾ ಊರಿನ ಕೀಲಿ ತಾನಾಗಿ ಬರುತ್ತದೆ. ಒಂದರ ಹಿಂದೊಂದು ನಾಲ್ಕು ಒತ್ತುಗಳವರೆಗಿನ ಸರಣಿಯೂ ಸಾಧ್ಯ. ಎರಡು ಕೆಲಸಗಳು ಒಂದೇ ಕೀಲಿಯನ್ನು ಕೇಳಿದರೆ ಯಾವುದನ್ನೂ ನಡೆಸದೆ 'ಗೊಂದಲವಿದೆ' ಎಂಬ ಸಂಕೇತ ಕೊಡುತ್ತದೆ. ಕೆಡಿಇ ಇದರ ಮೇಲೆ ಇನ್ನೊಂದು ಪದರ ಕಟ್ಟಿದೆ. ಅದರ ಬಹುಪಾಲು ಆ್ಯಪ್‌ಗಳ ಸೆಟ್ಟಿಂಗ್ಸ್ ಮೆನುವಿನಲ್ಲಿ ಶಾರ್ಟ್‌ಕಟ್ ಬದಲಿಸುವ ಕಿಟಕಿ ಇರುತ್ತದೆ. ಅದನ್ನು ಆ್ಯಪ್ ಬರೆದವರು ಮಾಡಬೇಕಿಲ್ಲ, ಕೆಲಸಗಳಿಗೆ ಹೆಸರು ಕೊಟ್ಟಿದ್ದರೆ ಸಾಕು, ಚೌಕಟ್ಟೇ ಕಟ್ಟಿಕೊಡುತ್ತದೆ. ಪ್ರತಿ ಕೆಲಸಕ್ಕೂ ಮುಖ್ಯ ಕೀಲಿಯೊಂದು, ಪರ್ಯಾಯವೊಂದು. ಬೇರೆ ಕೆಲಸ ಹಿಡಿದುಕೊಂಡಿರುವ ಕೀಲಿ ಕೊಟ್ಟರೆ ಯಾವುದು ಹಿಡಿದಿದೆ ಎಂದು ಹೇಳಿ, ಬಿಡಿಸಿ ಕೊಡಲೇ ಎಂದು ಕೇಳುತ್ತದೆ. ಮಾಡಿಕೊಂಡ ಜೋಡಣೆಯನ್ನು ಕಡತವಾಗಿ ಉಳಿಸಿ ಇನ್ನೊಂದು ಯಂತ್ರಕ್ಕೆ ಒಯ್ಯಬಹುದು. ನಾನು ನೋಡಿದ ವ್ಯವಸ್ಥೆಗಳಲ್ಲಿ ಬಳಸುವವರನ್ನು ಅತ್ಯಂತ ಗೌರವದಿಂದ ಕಂಡದ್ದು ಇದೇ.

ಮ್ಯಾಕ್‌ನಲ್ಲಿ ವ್ಯವಸ್ಥೆಯ ಸೆಟ್ಟಿಂಗ್ಸ್‌ನಿಂದಲೇ ಯಾವ ಆ್ಯಪ್‌ನ ಮೆನು ಸಾಲಿಗಾದರೂ ಹೊಸ ಕೀಲಿ ಕೊಡಬಹುದು, ಆದರೆ ಸಾಲಿನ ಹೆಸರನ್ನು ಅಕ್ಷರ ತಪ್ಪದೆ ಟೈಪ್ ಮಾಡಬೇಕು. ಆ್ಯಪ್‌ನ ಭಾಷೆ ಬದಲಿಸಿದರೆ ಜೋಡಣೆ ಕಳಚುತ್ತದೆ. ಜಾವಾದ ಸ್ವಿಂಗ್‌ನಲ್ಲಿ ಕೀಲಿಯಿಂದ ಹೆಸರಿಗೆ ಒಂದು ನಕ್ಷೆ, ಹೆಸರಿನಿಂದ ಕೆಲಸಕ್ಕೆ ಇನ್ನೊಂದು. ಆಲೋಚನೆ ಚೆನ್ನಾಗಿತ್ತು, ಆದರೆ ಅದರ ಲಾಭ ಪಡೆದವರು ಬಹುತೇಕ ಡೆವಲಪರ್‌ಗಳೇ. ಟೂಲ್‌ಕಿಟ್ ಕೊಡದಿದ್ದರೂ ತಾವೇ ಮಾಡಿಕೊಂಡ ಆ್ಯಪ್‌ಗಳಿವೆ: ಗಿಂಪ್ ತನ್ನದೇ ಶಾರ್ಟ್‌ಕಟ್ ಸಂಪಾದಕವನ್ನು ಉಳಿಸಿಕೊಂಡಿದೆ. ಇಂಕ್‌ಸ್ಕೇಪ್ ಕೋರೆಲ್‌ಡ್ರಾ, ಇಲಸ್ಟ್ರೇಟರ್ ಮಾದರಿಯ ಕೀಲಿಗಳ ಸಿದ್ಧ ಗುಂಪುಗಳನ್ನೇ ಕೊಡುತ್ತದೆ. ಮದುವೆ ಕಾರ್ಡು, ಕರಪತ್ರ ಮಾಡುತ್ತ ವರ್ಷಗಟ್ಟಲೆ ಕೋರೆಲ್‌ಡ್ರಾದಲ್ಲಿ ಕೈ ಪಳಗಿಸಿಕೊಂಡ ಡಿಟಿಪಿ ಕೆಲಸಗಾರ ಮುಕ್ತ ತಂತ್ರಾಂಶಕ್ಕೆ ಬರಬೇಕಾದರೆ ಈ ಒಂದು ಕಡತದ ಬೆಲೆ ದೊಡ್ಡದು.

ಇನ್ನು ರೂಪದ ಮಾತು. ಇಲ್ಲಿ ಜಗಳ ಹೆಚ್ಚು ಜೋರಾಗಿ ನಡೆದಿದೆ. ಜಿಟಿಕೆ 3ರ ಮೊದಲ ವರ್ಷಗಳಲ್ಲಿ ಪ್ರತಿ ಹೊಸ ಬಿಡುಗಡೆಗೂ ಹಳೆಯ ಥೀಮ್‌ಗಳು ಮುರಿಯುತ್ತಿದ್ದವು. 2016ರ 3.20ರಲ್ಲಂತೂ ವಿಜೆಟ್‌ಗಳನ್ನು ಗುರುತಿಸುವ ಹೆಸರುಗಳನ್ನೇ ಬದಲಿಸಲಾಯಿತು. ಎಕ್ಸ್‌ಟಿ ಕಾಲದ ಕಷ್ಟವೇ ಮರಳಿ ಬಂದಂತಾಯಿತು: ಒಳಗಿನ ಹೆಸರುಗಳ ಮೇಲೆ ನಿಂತ ಹೊರಗಿನ ಶೈಲಿ ಬಾಳಿಕೆ ಬರುವುದಿಲ್ಲ. 2019ರಲ್ಲಿ ಆ್ಯಪ್ ಡೆವಲಪರ್‌ಗಳ ಗುಂಪೊಂದು 'ನಮ್ಮ ಆ್ಯಪ್‌ಗಳಿಗೆ ಥೀಮ್ ಹಾಕಬೇಡಿ' ಎಂದು ಬಹಿರಂಗ ಪತ್ರ ಬರೆಯಿತು. ತಾವು ಪರೀಕ್ಷಿಸದ ಬಣ್ಣ, ಅಂತರಗಳಿಂದ ಆ್ಯಪ್ ಕೆಟ್ಟರೆ ದೂರು ಬರುವುದು ತಮಗೇ ಎಂಬುದು ಅವರ ವಾದ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಮೂಡಿದ ಪರದೆಗಳನ್ನು ನೋಡಿದವರು ಅದನ್ನು ಅಲ್ಲಗಳೆಯಲಾರರು. ಪತ್ರದ ಗುರಿ ತನ್ನ ಯಂತ್ರವನ್ನು ತಾನೇ ಸಿಂಗರಿಸಿಕೊಳ್ಳುವ ಬಳಕೆದಾರನಾಗಿರಲಿಲ್ಲ. ಎಲ್ಲರಿಗೂ ಒಂದೇ ಥೀಮ್ ಹೊದಿಸಿ ಹಂಚುವ ಲಿನಕ್ಸ್ ವಿತರಣೆಗಳಾಗಿದ್ದವು. ಈ ಅಂಶ ಚರ್ಚೆಯ ಬಿಸಿಯಲ್ಲಿ ಬಹಳ ಜನರ ಗಮನಕ್ಕೆ ಬರಲಿಲ್ಲ. 2021ರ ಕೊನೆಯಲ್ಲಿ ಬಂದ ಲಿಬ್‌ಅದ್ವೈತ ಗ್ರಂಥಾಲಯದೊಂದಿಗೆ ಗ್ನೋಮ್ ಆ್ಯಪ್‌ಗಳು ಥೀಮ್ ಆಯ್ಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟವು. ಬದಲಿಗೆ ತಿಳಿ-ಕಪ್ಪು ರೂಪಗಳು, ಹೆಚ್ಚು ವ್ಯತ್ಯಾಸದ ಬಣ್ಣಗಳು, 2024ರ ಗ್ನೋಮ್ 47ರಿಂದ ಒಂಬತ್ತು ಛಾಯೆಗಳಲ್ಲಿ ಒಂದರ ಆಯ್ಕೆ, ಇಷ್ಟು ಸಿಕ್ಕಿತು.

ಆದರೂ ಜಿಟಿಕೆಯೊಳಗೆ ಬಳಸುವವರ ಪಾಲು ಪೂರ್ತಿ ಹೋಗಿಲ್ಲ. ಶೈಲಿಯ ಮೂಲಗಳಿಗೆ ಅದು ಆದ್ಯತೆಯ ಅಂಕ ಕೊಡುತ್ತದೆ: ಥೀಮ್‌ಗೆ 200, ಸೆಟ್ಟಿಂಗ್‌ಗಳಿಗೆ 400, ಆ್ಯಪ್‌ಗೆ 600, ಬಳಕೆದಾರರ ಸ್ವಂತ ಸಿಎಸ್‌ಎಸ್ ಕಡತಕ್ಕೆ 800. ಹೆಚ್ಚು ಅಂಕದ್ದೇ ಗೆಲ್ಲುತ್ತದೆ. ಇದಕ್ಕಿಂತ ಎಷ್ಟೋ ಹಳೆಯದಾದ ಟಿಕೆಯ ಆಯ್ಕೆಪಟ್ಟಿಯಲ್ಲೂ ವಿಜೆಟ್‌ಗೆ 20, ಆ್ಯಪ್‌ನ ಆರಂಭಿಕ ಕಡತಕ್ಕೆ 40, ಬಳಕೆದಾರರಿಗೆ 60. ಕಟ್ಟಿದವರು ಬೇರೆಬೇರೆ, ಆದರೆ ಬಳಸುವವರು ಆ್ಯಪ್‌ಗಿಂತ ಮೇಲೆ ಎಂಬ ತೀರ್ಪು ಎರಡರಲ್ಲೂ ಒಂದೇ. ಜಿಟಿಕೆಯ ಆ್ಯಪ್ ತೆರೆದು ಕಂಟ್ರೋಲ್+ಶಿಫ್ಟ್+ಡಿ ಒತ್ತಿದರೆ, ಅದನ್ನು ನಿಷ್ಕ್ರಿಯಗೊಳಿಸಿರದಿದ್ದರೆ, ಇನ್‌ಸ್ಪೆಕ್ಟರ್ ಎಂಬ ಕಿಟಕಿ ತೆರೆಯುತ್ತದೆ. ಅಲ್ಲಿ ಸಿಎಸ್‌ಎಸ್ ಬರೆಯುತ್ತಿದ್ದಂತೆ ಆ್ಯಪ್‌ನ ರೂಪ ಕಣ್ಣೆದುರೇ ಬದಲಾಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹೊಸಬರನ್ನು ಕಾಡುವ ಇನ್ನೊಂದು ತೊಡಕಿದೆ: ಬಣ್ಣ ಹೇಳಿದರೂ ಬಟನ್ನು ಬದಲಾಗದಿರುವುದು. ಟಿಕೆಯ ಹೊಸ ವಿಜೆಟ್‌ಗಳು 2007ರ 8.5 ಆವೃತ್ತಿಯಿಂದ ಥೀಮ್ ಮೂಲಕ ರೂಪ ಪಡೆಯುತ್ತವೆ. ವಿಂಡೋಸ್, ಮ್ಯಾಕ್‌ನ ಮೂಲ ಥೀಮ್‌ಗಳಲ್ಲಿ ಬಟನ್ನನ್ನು ಬಿಡಿಸುವುದು ಆಪರೇಟಿಂಗ್ ಸಿಸ್ಟಮ್, ಹಾಗಾಗಿ ನಾವು ಕೊಟ್ಟ ಹಿನ್ನೆಲೆ ಬಣ್ಣ ಅದರ ಕಿವಿಗೆ ಬೀಳುವುದಿಲ್ಲ. 'ಕ್ಲ್ಯಾಮ್' ಥೀಮ್‌ಗೆ ಬದಲಿಸಿದರೆ ಅದೇ ಸಾಲು ಕೆಲಸ ಮಾಡುತ್ತದೆ. ಕ್ಯೂಟಿಯ ಸ್ಟೈಲ್‌ಶೀಟ್‌ನಲ್ಲೂ ಹಾಗೆಯೇ: ಬಟನ್ನಿಗೆ ಅಂಚನ್ನೂ ಹೇಳದಿದ್ದರೆ ಹಿನ್ನೆಲೆ ಬಣ್ಣ ಕಾಣದೇ ಹೋಗಬಹುದು. ಅಂಚು ಹೇಳಿದೊಡನೆ ವ್ಯವಸ್ಥೆಯ ಸಹಜ ರೂಪ ಪೂರ್ತಿ ಬಿಟ್ಟುಹೋಗಿ ಎಲ್ಲವನ್ನೂ ನಾವೇ ಹೇಳಬೇಕಾಗುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಎರಡೂ ಪ್ರಶ್ನೆಗಳು ಇನ್ನಷ್ಟು ಹತ್ತಿರದವು. ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ ಸಿ ಕೀಲಿ ಒತ್ತಿದರೆ ಬರುವುದು ಮ, ವಿ ಒತ್ತಿದರೆ ನ, ಎಕ್ಸ್ ಒತ್ತಿದರೆ ಅನುಸ್ವಾರ. ಕನ್ನಡ ವಿನ್ಯಾಸ ಚಾಲ್ತಿಯಲ್ಲಿರುವಾಗ ನಕಲು ಮಾಡಲು ಕಂಟ್ರೋಲ್+ಸಿ ಒತ್ತಿದರೆ ಟೂಲ್‌ಕಿಟ್‌ಗೆ ಕೇಳಿಸುವುದು ಕಂಟ್ರೋಲ್+ಮ. ವಿಂಡೋಸ್ ಭೌತಿಕ ಕೀಲಿಗೆ ಬೇರೆಯೇ ಒಂದು ಗುರುತು ಕೊಡುವುದರಿಂದ ಅಲ್ಲಿ ತೊಂದರೆಯಿಲ್ಲ. ಜಿಟಿಕೆ ನೇರ ಹೊಂದಿಕೆ ಸಿಗದಿದ್ದರೆ ಚಾಲ್ತಿಯಲ್ಲಿರುವ ವಿನ್ಯಾಸವನ್ನು ಬದಿಗಿಟ್ಟು, ಅದೇ ಕೀಲಿಗೆ ಬೇರೆ ವಿನ್ಯಾಸದಲ್ಲಿ ಏನಿದೆ ಎಂದು ನೋಡಿ 'ಭಾಗಶಃ ಹೊಂದಿಕೆ' ಎಂದು ಒಪ್ಪಿಕೊಳ್ಳುತ್ತದೆ. ಕ್ಯೂಟಿಯೂ ಲ್ಯಾಟಿನ್ ಅಕ್ಷರವನ್ನು ಹುಡುಕುತ್ತದೆ. ಲಿನಕ್ಸ್‌ನ ಟಿಕೆ ಮಾತ್ರ ಅಕ್ಷರವನ್ನೇ ನಂಬುತ್ತದೆ, ಹಾಗಾಗಿ ಕನ್ನಡದಲ್ಲಿ ಬರೆಯುತ್ತಿರುವವರು ನಕಲು ಮಾಡಲು ಇಂಗ್ಲಿಷ್‌ಗೆ ಬದಲಾಯಿಸಿ ಮರಳಬೇಕು. ರಷ್ಯನ್ ಬಳಕೆದಾರರ ಹಳೆಯ ದೂರೂ ಇದೇ. ಕಲಿಕೆಗೆಂದು ಟಿಕಿಂಟರ್‌ನಲ್ಲಿ ಕನ್ನಡ ಎಡಿಟರ್ ಬರೆಯುವವರು ಇದನ್ನು ಮೊದಲೇ ತಿಳಿದು, ಕೀಲಿಯ ಭೌತಿಕ ಸಂಖ್ಯೆಯನ್ನು ನೋಡಿ ಜೋಡಿಸುವುದು ಒಳ್ಳೆಯದು.

ಘರ್ಷಣೆ ಇನ್ನೂ ಕೆಲವು ಕಡೆ ಇದೆ. ವಿಂಡೋಸ್‌ನ ಭಾರತೀಯ ಇಂಗ್ಲಿಷ್ ಕೀಲಿಮಣೆಯಲ್ಲಿ ರೂಪಾಯಿ ಚಿಹ್ನೆ ಬಲಬದಿಯ ಆಲ್ಟ್ ಜೊತೆ 4 ಒತ್ತಿದರೆ ಬರುತ್ತದೆ. ಆ ಬಲ ಆಲ್ಟ್ ವಿಂಡೋಸ್‌ಗೆ ಕಂಟ್ರೋಲ್+ಆಲ್ಟ್ ಇದ್ದಂತೆ. ದೂರದ ಡೆವಲಪರ್ ಒಬ್ಬರು ಕಂಟ್ರೋಲ್+ಆಲ್ಟ್+4ಕ್ಕೆ ಬೇರೇನೋ ಕೆಲಸ ಕೊಟ್ಟರೆ ಅವರ ಆ್ಯಪ್‌ನಲ್ಲಿ ₹ ಬರೆಯಲಾಗುವುದಿಲ್ಲ. ಬರಹ ತಂತ್ರಾಂಶದಲ್ಲಿ ಕನ್ನಡ-ಇಂಗ್ಲಿಷ್ ಬದಲಾವಣೆಗೆ ಎಫ್11, ಬ್ರೌಸರ್‌ಗಳಲ್ಲಿ ಅದೇ ಕೀಲಿ ಪೂರ್ಣಪರದೆಗೆ. ಲಿನಕ್ಸ್‌ನಲ್ಲಿ ಬರೆಯುವ ಭಾಷೆ ಬದಲಿಸುವ ಐಬಸ್ ಮೊದಲು ಹಿಡಿದಿದ್ದ ಕಂಟ್ರೋಲ್+ಸ್ಪೇಸ್ ಪ್ರೋಗ್ರಾಮರ್‌ಗಳಿಗೆ ಪದ ಪೂರ್ಣಗೊಳಿಸುವ ಕೀಲಿ. ಇಂಥಲ್ಲಿ ಯಾರದ್ದೂ ತಪ್ಪಲ್ಲ, ಆದರೆ ಬಿಡಿಸಿಕೊಳ್ಳುವ ದಾರಿ ಬಳಸುವವರ ಕೈಯಲ್ಲಿರಲೇಬೇಕು. ಮೆನುಗಳಲ್ಲಿ ಆಲ್ಟ್ ಜೊತೆ ಒತ್ತಲು ಅಡಿಗೆರೆ ಎಳೆದ ಅಕ್ಷರದ್ದೂ ಒಂದು ಸಮಸ್ಯೆ. ಕನ್ನಡ ಅಕ್ಷರದ ಕೆಳಗೆ ಗೆರೆ ಎಳೆದರೆ ಒತ್ತಿಗೆ ತಾಗುತ್ತದೆ. ಆದ್ದರಿಂದ ಗ್ನೋಮ್‌ನ ಕನ್ನಡ ಅನುವಾದದಲ್ಲಿ 'ಕಡತ' ಎಂಬುದರ ಪಕ್ಕ ಆವರಣದಲ್ಲಿ ಇಂಗ್ಲಿಷಿನ ಎಫ್ ಇಟ್ಟು ಅದಕ್ಕೆ ಗೆರೆ ಎಳೆದರು.

ರೂಪದಲ್ಲಿ ಕನ್ನಡ ಕೇಳುವುದು ಒಂದೇ, ಎತ್ತರ. 'ಮುಚ್ಚು', 'ರದ್ದು', 'ಹುಡುಕು', 'ವೈಶಿಷ್ಟ್ಯಗಳು' ಎಂಬ ಪದಗಳನ್ನು ಬಟನ್ನಿನ ಮೇಲೆ ಇಟ್ಟು ನೋಡಿ. ಇಂಗ್ಲಿಷ್ ಅಕ್ಷರಕ್ಕೆಂದು ಪಿಕ್ಸೆಲ್ ಲೆಕ್ಕದಲ್ಲಿ ಬಿಗಿಯಾಗಿ ಎತ್ತರ ಕೊಟ್ಟಿದ್ದರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗಿ 'ರದ್ದು' 'ರದು' ಆಗುತ್ತದೆ. 'ವೈಶಿಷ್ಟ್ಯ'ದಲ್ಲಿ ಷಕಾರಕ್ಕೆ ಟ ಮತ್ತು ಯ ಎರಡೂ ಒತ್ತುಗಳು, ಇನ್ನೂ ಹೆಚ್ಚು ಜಾಗ ಬೇಕು. ಜಿಟಿಕೆಯ ಸಿಎಸ್‌ಎಸ್‌ನಲ್ಲಿ ಕನಿಷ್ಠ ಎತ್ತರ ಹೇಳಬಹುದು, ಗರಿಷ್ಠ ಹೇಳಲಾಗದು. ವಿಜೆಟ್ ಒಳಗಿನ ಪಠ್ಯಕ್ಕೆ ತಕ್ಕಂತೆ ಬೆಳೆಯಲೇಬೇಕು. ಇದು ನಮ್ಮ ಲಿಪಿಯನ್ನು ನೆನೆದು ಮಾಡಿದ್ದಲ್ಲದಿದ್ದರೂ ನಮಗೆ ಒದಗಿದ ದೊಡ್ಡ ಉಪಕಾರ. ಕ್ಯೂಟಿಯಲ್ಲಿ ಗರಿಷ್ಠ ಎತ್ತರ ಹೇಳಲು ಅವಕಾಶವಿದೆ, ಹೇಳುವವರೂ ಇದ್ದಾರೆ. ಕನ್ನಡ ಅನುವಾದವಿರುವ ಆ್ಯಪ್‌ಗೆ ಶೈಲಿ ಬರೆಯುವವರು ಎತ್ತರವನ್ನು ಮುಟ್ಟದೆ ಒಳಅಂಚಿನ ಜಾಗವನ್ನಷ್ಟೇ ಹೇಳಲಿ. ಅಕ್ಷರದ ಗಾತ್ರ ಮತ್ತು ಬಣ್ಣಗಳ ವ್ಯತ್ಯಾಸ, ಈ ಎರಡರಲ್ಲಿ ಬಳಸುವವರ ಸೆಟ್ಟಿಂಗನ್ನು ಆ್ಯಪ್ ಮೀರಬಾರದು. ಉಳಿದ ರೂಪವನ್ನು ಆ್ಯಪ್ ಬರೆದವರು ತಮ್ಮದೆಂದು ಉಳಿಸಿಕೊಂಡರೆ ನನಗೆ ತಕರಾರಿಲ್ಲ.

ಕೀಲಿಯ ವಿಷಯದಲ್ಲಿ ನನ್ನ ತಕರಾರು ಉಳಿದೇ ಇದೆ, ಅದಕ್ಕೆ ಅಭ್ಯಾಸವೊಂದೇ ಕಾರಣವಲ್ಲ. ಒಂದೇ ಕೈಯಲ್ಲಿ ಟೈಪ್ ಮಾಡುವವರು, ಬೆರಳು ನಡುಗುವವರು, ಮಾತಿನಿಂದ ಕಂಪ್ಯೂಟರ್ ನಡೆಸುವವರು ಇದ್ದಾರೆ. ಮಾತಾಡಿದ ಪದದ ಅಕ್ಷರಗಳು ಒಂದೊಂದೂ ಒಂದೊಂದು ಶಾರ್ಟ್‌ಕಟ್ ಆಗಿ ಕೆಲಸ ಮಾಡತೊಡಗಿದರೆ ಅವರ ಪಾಡೇನು? ವೆಬ್‌ಗೆಂದು 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ಸುಗಮ್ಯತಾ ನಿಯಮಾವಳಿ ಇದಕ್ಕೊಂದು ಷರತ್ತು ಹಾಕಿತು: ಒಂದೇ ಅಕ್ಷರದ ಶಾರ್ಟ್‌ಕಟ್ ಇಟ್ಟರೆ ಅದನ್ನು ನಿಷ್ಕ್ರಿಯಗೊಳಿಸಲು, ಬದಲಿಸಲು, ಇಲ್ಲವೇ ಆಯಾ ವಿಜೆಟ್ ಮೇಲೆ ಇರುವಾಗ ಮಾತ್ರ ನಡೆಯುವಂತೆ ಮಾಡಲು ಸಾಧ್ಯವಿರಬೇಕು. ಅತ್ಯಂತ ಕೆಳಗಿನ, ಎಲ್ಲರೂ ಪಾಲಿಸಬೇಕಾದ 'ಎ' ಮಟ್ಟದಲ್ಲೇ ಅದನ್ನು ಇರಿಸಿದ್ದಾರೆ. ಡೆಸ್ಕ್‌ಟಾಪ್ ಟೂಲ್‌ಕಿಟ್‌ಗಳು ಇದನ್ನು ತಮ್ಮ ಕನಿಷ್ಠ ಕರ್ತವ್ಯವೆಂದು ತೆಗೆದುಕೊಳ್ಳಬೇಕು.

ಅದಕ್ಕೆ ಬೇಕಾದ ಸಾಮಗ್ರಿ ಜಿಟಿಕೆಯಲ್ಲಿ ಸಿದ್ಧವಾಗಿಯೇ ಇದೆ. ಕೆಲಸಗಳಿಗೆ ಹೆಸರಿದೆ, ಹೆಸರಿಗೆ ಕೀಲಿ ಕೊಡುವ ಫಂಕ್ಷನ್ ಇದೆ, ಅದನ್ನು ಆ್ಯಪ್ ಓಡುತ್ತಿರುವಾಗಲೂ ಕರೆಯಬಹುದು. ಗ್ನೋಮ್‌ನ ಬಹುಪಾಲು ಆ್ಯಪ್‌ಗಳಲ್ಲಿ ಕಂಟ್ರೋಲ್ ಜೊತೆ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಇರುವ ಶಾರ್ಟ್‌ಕಟ್‌ಗಳೆಲ್ಲ ಗುಂಪುಗುಂಪಾಗಿ, ಅಂದವಾಗಿ ತೋರುವ ಕಿಟಕಿ ತೆರೆಯುತ್ತದೆ. 3.20ರಲ್ಲಿ ಅದಕ್ಕೆಂದೇ ವಿಜೆಟ್ ಸೇರಿಸಿದರು. ಅದರಲ್ಲಿ ಹುಡುಕಬಹುದು, ಓದಬಹುದು. ಯಾವ ಸಾಲಿನ ಮೇಲೆ ಕ್ಲಿಕ್ ಮಾಡಿದರೂ ಕೀಲಿ ಬದಲಿಸಲು ಮಾತ್ರ ಬರುವುದಿಲ್ಲ.